ಕಂಪ್ಯೂಟರಿಗೆ ಬಾಯಿ ಬರಿಸಿದ ಪ್ರಸಂಗ

ನನ್ನ ಮೊಮ್ಮಗಳು ರಮ್ಯಾಳಿಗೆ ಹೂ ಮುಡಿಸುವ ಶಾಸ್ತ್ರಕ್ಕೆ ಸರಿಯಾಗಿ ಆರು ದಿನ ಉಳಿದಿರುವಾಗ ನಮ್ಮ ಮನೆಯ ಕಂಪ್ಯೂಟರಿನ ಬಾಯಿ ಬಿದ್ದುಹೋಯಿತು. ತಪ್ಪು ಯಾರದು ಎಂದು ಮೊದಲೇ ಹೇಳಿಬಿಡುತ್ತೇನೆ. ತಪ್ಪು ನನ್ನ ಮಗ ವೇಣುವಿನದು. (ನನ್ನದೂ ಒಂದಿದೆ. ಅದು ಸಣ್ಣದು. ಅದರ ಸರದಿ ಬಂದಾಗ ಹೇಳುತ್ತೇನೆ.)

ಕಂಪ್ಯೂಟರು ಮೂಗಾದರೆ ಮದುವೆ ನಿಲ್ಲುತ್ತದೆಯೇ ಎಂದು ನೀವು ಕೇಳಬಹುದು. ಮದುವೆ ನಿಲ್ಲುವುದಿಲ್ಲ, ಹಾಡು ನಿಲ್ಲುತ್ತದೆ. ನಮ್ಮ ಮನೆತನದಲ್ಲಿ ಹೆಣ್ಣಿಗೆ ಹೂ ಮುಡಿಸುವಾಗ ಹಾಡುವ ಹಾಡುಗಳು ಏಳು. ಒಂದೊಂದು ಹೂವಿಗೆ ಒಂದೊಂದು ಹಾಡು. ಏಳೂ ಬರುವುದು ನನಗೊಬ್ಬಳಿಗೇ. ನನ್ನತ್ತೆಯ ಬಾಯಿಂದ ಕಲಿತದ್ದು; ಪುಸ್ತಕದಲ್ಲಿಲ್ಲ, ಕ್ಯಾಸೆಟ್ಟಿನಲ್ಲಿಲ್ಲ. ನಮ್ಮ ಯಜಮಾನರು ಹೋದ ಮೇಲೆ ನಾನು ಯಾವ ಶಾಸ್ತ್ರದಲ್ಲೂ ಎದುರಿಗೆ ಕೂತವಳಲ್ಲ. ಒಳಕೋಣೆಯಲ್ಲಿ ಕೂತು ಹಾಡುತ್ತೇನೆ. ಹಾಡು ಹೊರಗೆ ಹೋಗುತ್ತದೆ, ನಾನು ಹೋಗುವುದಿಲ್ಲ. ಹನ್ನೆರಡು ವರ್ಷದಿಂದ ಇದೇ ರೂಢಿ, ಯಾರಿಗೂ ತೊಂದರೆಯಾಗಿಲ್ಲ.

ಆದರೆ ಈ ಸಲ ಒಂದು ತಿಂಗಳಿಂದ ನನ್ನ ಗಂಟಲು ಕಟ್ಟಿತ್ತು. ಮಾತಾಡಿದರೆ ಸಿಮೆಂಟು ನೆಲದ ಮೇಲೆ ಒಣ ತೆಂಗಿನ ಗರಿ ಎಳೆದ ಹಾಗೆ ಕೇಳುತ್ತಿತ್ತು. (ಕಾರಣ, ನನ್ನ ಸೊಸೆ ಪ್ರೇಮಲತಾಳ ಒಗ್ಗರಣೆಯ ಘಾಟು. ಹಾಗೆಂದು ನಾನು ಮನೆಯಲ್ಲಿ ಸಾರಿದ್ದೆ.) ಪುಣ್ಯಕ್ಕೆ ಸಂಕ್ರಾಂತಿಯ ಹೊತ್ತಿಗೆ, ಗಂಟಲು ಇನ್ನೂ ಗಂಟಲಾಗಿದ್ದಾಗ, ರಮ್ಯಾ ಒಂದು ಮೈಕು ತಂದು ಕಂಪ್ಯೂಟರಿಗೆ ಸಿಕ್ಕಿಸಿ, ಏಳು ಹಾಡನ್ನೂ ನನ್ನ ಬಾಯಿಂದ ಅದರ ಹೊಟ್ಟೆಗೆ ಇಳಿಸಿದ್ದಳು. ಹಾಗಾಗಿ ನಾನು ನಿಶ್ಚಿಂತೆಯಾಗಿದ್ದೆ.

ಎಷ್ಟು ನಿಶ್ಚಿಂತೆ ಎಂದರೆ, ಹುಡುಗನ ತಾಯಿ, ಮಲ್ಲೇಶ್ವರದ ಕಲ್ಯಾಣಮ್ಮನವರು ಫೋನು ಮಾಡಿ, "ನಮ್ಮ ಕಡೆ ಆರ್ಕೆಸ್ಟ್ರಾದಲ್ಲಿ ಹಾಡೋ ಹುಡುಗಿ ಇದಾಳೆ, ಕೀಬೋರ್ಡ್ ಸಮೇತ ಕರ್ಕೊಂಡ್ ಬರ್ಲಾ? ಸಿನಿಮಾ ಹಾಡು ಎಲ್ಲಾ ಸಕ್ಕತ್ತಾಗಿ ಹಾಡ್ತಾಳೆ" ಎಂದಾಗ, "ಬೇಡಮ್ಮ ತಾಯಿ, ನಮ್ಮ ಮನೆ ಹಾಡೇ ಇದೆ" ಎಂದು ಒರಟು ದನಿಯಲ್ಲೇ ಗತ್ತಿನಿಂದ ಹೇಳಿದ್ದೆ. ಹೇಳಿದ ಮರುದಿನವೇ ವೇಣು ರಿಪೇರಿಗೆ ಕೈ ಹಾಕಿದ.

ವೇಣು ಕಲಾಸಿಪಾಳ್ಯದ ತರಕಾರಿ ಮಂಡಿಯಲ್ಲಿ ವ್ಯಾಪಾರ ಮಾಡುತ್ತಾನೆ. ಬೆಳಗಿನ ಜಾವ ಹೋದರೆ ಹನ್ನೊಂದಕ್ಕೆಲ್ಲ ಚಾಮರಾಜಪೇಟೆಯ ಮನೆಗೆ ಬಂದುಬಿಡುತ್ತಾನೆ. ಉಳಿದ ಹೊತ್ತೆಲ್ಲ ಅವನಿಗೆ ಒಂದೇ ಕಾಯಿಲೆ, ಏನಾದರೂ ಬಿಚ್ಚಬೇಕು. ಅವನು ರಿಪೇರಿ ಮಾಡಿದ ಮೇಲೆ ನಮ್ಮ ಮಿಕ್ಸಿ ಚಟ್ನಿಯನ್ನು ರುಬ್ಬುವುದಿಲ್ಲ, ಗೋಡೆಗೆ ಬಳಿಯುತ್ತದೆ. ಬಚ್ಚಲಿನ ದೀಪ ಹಾಕಿದರೆ ಬಾಗಿಲ ಗಂಟೆ ಹೊಡೆದುಕೊಳ್ಳುತ್ತದೆ. ಇಂಥ ವಿಶ್ವಕರ್ಮನ ಕಣ್ಣಿಗೆ ಕಂಪ್ಯೂಟರಿಗೆ ಹತ್ತಿದ್ದ ವೈರಸ್ಸು ಬಿತ್ತು. ಅಂಗಡಿಯವನಿಗೆ ತೋರಿಸಿದರೆ ಅವನು, "ಒಳಗಿರೋದೆಲ್ಲಾ ಅಳಿಸಿ ಹೊಸದಾಗಿ ಹಾಕ್ಬೇಕು" ಎಂದ. ಎಲ್ಲಾ ಅಳಿಸಿದರೆ ಹಾಡೂ ಅಳಿಯುತ್ತದಲ್ಲ! ಹಾಡನ್ನು ಸೀಡಿಗೆ ಹಾಕಿಡೋಣವೆಂದರೆ ನಮ್ಮ ಪೆಟ್ಟಿಗೆಗೆ ಸೀಡಿ ಓದಲು ಬರುತ್ತದೆ, ಬರೆಯಲು ಬರುವುದಿಲ್ಲ. (ನನ್ನ ಹಾಗೆ, ಅರ್ಧ ವಿದ್ಯೆ.)

ಆಗ ವೇಣು ಒಂದು ಇಂಗ್ಲಿಷ್ ಪತ್ರಿಕೆ ಹಿಡಿದು ಕುಣಿಯುತ್ತಾ ಬಂದ. ಪತ್ರಿಕೆಯ ಜೊತೆ ಒಂದು ಸೀಡಿ. ಅದರ ಮೇಲೆ ಕಪ್ಪು ಕೋಟು ಹಾಕಿದ ದಪ್ಪ ಬಾತುಕೋಳಿಯ ಚಿತ್ರ.

"ಅಮ್ಮ, ಇದು ಲಿನಕ್ಸ್ ಅಂತ. ಇದಕ್ಕೆ ವೈರಸ್ಸೇ ಹತ್ತಲ್ವಂತೆ! ಹಾಡನ್ನೂ ಮುಟ್ಟದೇ ಹಾಕ್ಬಹುದು. ಅದೂ ಫ್ರೀ!"

"ಫ್ರೀ ಅಂತ ಬಂದಿದ್ದೆಲ್ಲ ಮನೆಗೆ ತುಂಬ್ತೀರಲ್ರೀ" ಎಂದಳು ಪ್ರೇಮಲತಾ ಅಡುಗೆಮನೆಯಿಂದ. "ಹೋದ್ಸಲ ಫ್ರೀ ಅಂತ ತಂದ ಕೊಡೆಗೆ ಬಟ್ಟೆ ಬಿಟ್ಟು ಎಲ್ಲಾ ಇತ್ತು."

"ನಿಂಗೇನ್ ಗೊತ್ತೇ? ಪ್ರಪಂಚದಲ್ಲಿರೋ ಬುದ್ಧಿವಂತರೆಲ್ಲ ಸೇರಿ ಮಾಡಿರೋದು ಇದು."

"ಅವರು ಮಾಡ್ಲಿ. ಹಾಕೋರು ನೀವಲ್ವಾ?"

ಆದರೂ ಹಾಕಿದ. ನಾವೆಲ್ಲ ಸುತ್ತ ಕೂತೆವು. ಪರದೆಯ ಮೇಲೆ ಒಂದು ಉದ್ದನೆಯ ಪಟ್ಟಿ ಹಾಲು ತುಂಬುವ ಹಾಗೆ ಎಡದಿಂದ ಬಲಕ್ಕೆ ತುಂಬುತ್ತಾ ಹೋಯಿತು. ರಮ್ಯಾ, "ಅಪ್ಪಾ, ಅಜ್ಜಿ ಹಾಡಿರೋ ಭಾಗ ಮುಟ್ಬೇಡ" ಎಂದು ಹತ್ತು ಸಲ ಕೂಗಿದಳು. ಪಟ್ಟಿ ತುಂಬಿದಾಗ ನಾನೇ ಚಪ್ಪಾಳೆ ತಟ್ಟಿದೆ, ಸುಳ್ಳೇಕೆ ಹೇಳಲಿ. ಪೆಟ್ಟಿಗೆ ಆರಿಸಿ ಹಾಕಿದರೆ ಎಲ್ಲಾ ಹೊಸದು! ನೀಲಿ ಬಣ್ಣ, ಹೊಸ ಚಿತ್ರ, ಮೌಸು ಸರಸರ ಓಡುತ್ತದೆ. ನನ್ನ ಏಳು ಹಾಡುಗಳೂ ಸಾಲಾಗಿ ಕೂತಿವೆ. ವೇಣು ಮೊದಲನೆಯದನ್ನು ಒತ್ತಿದ. ಹಾಡು ಓಡುತ್ತಿರುವ ಗುರುತು ಓಡಿತು, ಗಡಿಯಾರ ಓಡಿತು. ಸದ್ದು ಮಾತ್ರ ಇಲ್ಲ.

ಏಳನ್ನೂ ಒತ್ತಿದ. ಏಳೂ ಮೌನ. ದೇವರಿಗೆ ನಮಸ್ಕಾರ ಮಾಡಿ ಮತ್ತೆ ಒತ್ತಿದ. ಮೌನ.

"ಸೌಂಡಿಗೆ ಡ್ರೈವರ್ ಇಲ್ಲ" ಎಂದ ವೇಣು, ಡಾಕ್ಟರರ ಮುಖ ಮಾಡಿಕೊಂಡು.

"ಟೆಂಪೋ ಓಡ್ಸೋ ಶೀನಣ್ಣ ಖಾಲಿ ಇದಾನೆ, ಕರೀಲಾ?" ಎಂದಳು ಪ್ರೇಮಲತಾ.

ಅವನು ಅವಳನ್ನು ಬಿಟ್ಟು ನನಗೆ ತಿಳಿಹೇಳಿದ. ಪೆಟ್ಟಿಗೆಯ ಒಂದೊಂದು ಅಂಗಕ್ಕೂ ಅದನ್ನು ನಡೆಸುವ ಒಂದೊಂದು ಸಣ್ಣ ಪ್ರೋಗ್ರಾಮು ಇರುತ್ತದಂತೆ, ಅದೇ ಡ್ರೈವರು. ಪರದೆಗೆ ಒಂದು, ಮೌಸಿಗೆ ಒಂದು, ಸದ್ದಿಗೆ ಒಂದು. ಅದಿಲ್ಲದಿದ್ದರೆ ಅಂಗವಿದ್ದೂ ಇಲ್ಲದ ಹಾಗೆ. ಸದ್ದಿನ ಡ್ರೈವರು ಸೀಡಿಯಲ್ಲೇ ಇದೆ, ಕೂರಿಸುವ ವಿಧಾನ ಪತ್ರಿಕೆಯಲ್ಲೇ ಇದೆ, "ಇನ್ನು ಹತ್ತೇ ನಿಮಿಷ ಅಮ್ಮ" ಎಂದ.

ಆ ಹತ್ತು ನಿಮಿಷ ಐದು ದಿನ ನಡೆಯಿತು. ವೇಣುವಿಗೆ ಪಿಯುಸಿವರೆಗೆ ಇಂಗ್ಲಿಷ್ ಬರುತ್ತದೆ, ಅದೇ ಅವನ ಕಷ್ಟ. ಅರ್ಧ ಸಾಲು ಓದಿ ಉಳಿದರ್ಧ ಊಹಿಸುತ್ತಾನೆ. ಮಂಡಿಯಲ್ಲಿ ಹುರುಳಿಕಾಯಿ ಮೂಟೆಯ ಬಾಯಿ ನೋಡಿ ತಳ ಹೇಳುವ ಅಭ್ಯಾಸ. ಟಕಟಕ ಕುಟ್ಟುತ್ತಾನೆ, ಪೆಟ್ಟಿಗೆ ಒಂದೇ ಸಾಲಿನಲ್ಲಿ ಏನೋ ಉತ್ತರ ಕೊಡುತ್ತದೆ, ಇವನು, "ಇಂಥಾ ಕಮಾಂಡೇ ಇಲ್ವಂತೆ! ಪುಸ್ತಕದಲ್ಲಿದೆ, ಇದರಲ್ಲಿಲ್ವಂತೆ!" ಎಂದು ಮೇಜು ಗುದ್ದುತ್ತಾನೆ. ಗುದ್ದಿದರೆ ಮೌಸು ಕೆಳಗೆ ಬೀಳುತ್ತದೆ. ಎರಡನೇ ದಿನ ಪೆಟ್ಟಿಗೆ ಬಿಚ್ಚಿ ಧೂಳು ಒರೆಸಿದ. ಮೂರನೇ ದಿನ ಸ್ಪೀಕರುಗಳನ್ನು ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಇಟ್ಟ. ನಾಲ್ಕನೇ ದಿನ ರಮ್ಯಾಳನ್ನು ಕರೆದ. ಅವಳು ಕಲಿತದ್ದು ಲೆಕ್ಕ ಬರೆಯುವ ಟ್ಯಾಲಿ ಒಂದೇ, ಸಾಲದ್ದಕ್ಕೆ ಲಗ್ನಪತ್ರಿಕೆ ಹಂಚಲು ಶೇಷಾದ್ರಿಪುರಕ್ಕೆ ಹೊರಟು ನಿಂತಿದ್ದಳು. ಐದನೇ ದಿನ ಸೋತು ಟೆಲಿಫೋನಿನ ಪಕ್ಕ ಕೂತ.

"ಕಲ್ಯಾಣಮ್ಮೋರಿಗೆ ಫೋನ್ ಮಾಡ್ತೀನಮ್ಮ. ಆರ್ಕೆಸ್ಟ್ರಾನೇ ಬರ್ಲಿ."

ನನ್ನತ್ತೆಯ ಮಗಳಿಗೆ ಈ ಹಾಡು, ನನ್ನ ಮಗಳಿಗೆ ಈ ಹಾಡು, ರಮ್ಯಾಳಿಗೆ ಸಿನಿಮಾ ಹಾಡೇ?

"ಫೋನ್ ಕೆಳಗಿಡು. ಆ ಪುಸ್ತಕ ಇಲ್ಲಿ ಕೊಡು" ಎಂದೆ.

"ನೀನಾ? ನಿಂಗೆ ಎಬಿಸಿಡಿನೇ ಬರಲ್ವಲ್ಲಮ್ಮ!"

"ಬರೋ ನೀನು ಐದು ದಿನ ಏನ್ ಕಡಿದೆ? ಬರದೇ ಇರೋಳು ಒಂದು ದಿನ ನೋಡ್ತೀನಿ."

ಪ್ರೇಮಲತಾ ಅಡುಗೆಮನೆಯಿಂದ ಸೌಟು ಸಮೇತ ಹೊರಗೆ ಬಂದಳು. "ಮಾಡ್ಲಿ ಬಿಡ್ರೀ. ಅತ್ತೆ ಮಾಡಿದ್ರೆ ಇನ್ನೂ ಹಾಳಾಗೋಕೆ ನೀವೇನು ಉಳ್ಸಿದೀರಿ?"

ನಾನು ಓದಿದ್ದು ಮೂರನೇ ಕ್ಲಾಸು. ಕನ್ನಡವನ್ನೇ ಕೂಡಿಸಿ ಕೂಡಿಸಿ ಓದುತ್ತೇನೆ. ಆದರೆ ಐವತ್ತು ವರ್ಷದಿಂದ ದಿನಾ ಬಾಗಿಲಿಗೆ ರಂಗೋಲಿ ಹಾಕಿದವಳು. ಇಪ್ಪತ್ತೊಂದು ಚುಕ್ಕಿಯ ರಂಗೋಲಿಯನ್ನು ಒಂದು ಸಲ ನೋಡಿದರೆ ಹಾಗೇ ಇಳಿಸುತ್ತೇನೆ; ಅದರ ಅರ್ಥವೇನು ಎಂದು ರಂಗೋಲಿಯನ್ನು ಯಾರಾದರೂ ಕೇಳುತ್ತಾರೆಯೇ? ಪುಸ್ತಕದ ಸಾಲೂ ಹಾಗೇ ಒಂದು ರಂಗೋಲಿ ಎಂದುಕೊಂಡೆ.

ಮೊದಲ ಅಡ್ಡಿ ಎಂದರೆ, ಪುಸ್ತಕದಲ್ಲಿರುವ ಅಕ್ಷರ ಬೇರೆ, ಕೀಲಿಮಣೆಯ ಮೇಲಿರುವ ಅಕ್ಷರ ಬೇರೆ. ಪ್ರೇಮಲತಾ ನಕ್ಕು, ರಮ್ಯಾಳ ಶಿಶುವಿಹಾರದ ಹಳೆಯ ಪಟವನ್ನು ಅಟ್ಟದಿಂದ ಇಳಿಸಿ ಗೋಡೆಗೆ ಅಂಟಿಸಿದಳು. ದೊಡ್ಡಕ್ಷರ ತಾಯಿ, ಚಿಕ್ಕಕ್ಷರ ಮರಿ. ಪುಸ್ತಕದಲ್ಲಿ ಮರಿಗಳು, ಕೀಲಿಮಣೆಯಲ್ಲಿ ತಾಯಂದಿರು. ಕೆಲವು ಮರಿಗಳು ತಾಯಿಯ ಅಚ್ಚೇ. ಕೆಲವು ಯಾರನ್ನು ಹೋಲುತ್ತವೋ, ಆ ಮನೆಯವರೇ ಹೇಳಬೇಕು. ಒಂದೊಂದು ಮರಿಗೂ ತಾಯಿಯನ್ನು ಹುಡುಕಿ, ಬೆರಳಿಟ್ಟು, ಒತ್ತಿ, ಪರದೆಯಲ್ಲಿ ಅದೇ ಮರಿ ಬಂದಿದೆಯೇ ಎಂದು ನೋಡಿ, ಮುಂದಿನದಕ್ಕೆ ಹೋದೆ. ಪದಗಳ ನಡುವೆ ಎಷ್ಟು ಜಾಗವಿದೆಯೋ ಅಷ್ಟೇ ಜಾಗ. ಒಂದು ಸಾಲಿಗೆ ಒಂದು ಲೋಟ ಕಾಫಿ ಆರಿತು.

ಎರಡನೇ ಸಾಲಿನ ಮೊದಲಿಗೇ ಒಂದು ಚುಕ್ಕಿ, ಅದರ ಮಗ್ಗುಲಿಗೆ ಒಂದು ಓರೆಗೆರೆ. ಕೀಲಿಮಣೆಯಲ್ಲಿ ಹುಡುಕತೊಡಗಿದೆ.

"ಅದು ಬೇಡಮ್ಮ. ಪ್ರಿಂಟಿನ ಕೊಳೆ ಅದು" ಎಂದ ವೇಣು ಹಿಂದಿನಿಂದ.

"ನೀನು ಇದನ್ನ ಹೊಡೀಲಿಲ್ವಾ?"

"ಕೊಳೇನ ಯಾರಾದ್ರೂ ಹೊಡೀತಾರಾ?"

"ಕೊಳೆ ಆದ್ರೆ ಎಲ್ಲಾದ್ರೂ ಬೀಳ್ಬೇಕು. ನೋಡು, ಈ ಪುಟದಲ್ಲೂ ಅದೇ ಪದದ ಮುಂದೆ, ಆ ಪುಟದಲ್ಲೂ ಅದೇ ಪದದ ಮುಂದೆ. ಇದು ಕೊಳೆ ಅಲ್ಲಪ್ಪ, ಇಟ್ಟಿರೋ ಚುಕ್ಕಿ. ಚುಕ್ಕಿ ಬಿಟ್ರೆ ರಂಗೋಲಿ ಕೂಡಲ್ಲ."

ಚುಕ್ಕಿ ಒತ್ತಿದೆ. ಓರೆಗೆರೆ ಒತ್ತಿದೆ. ಸಾಲು ಮುಗಿಸಿ ದೊಡ್ಡ ಕೀಲಿ ಒತ್ತಿದೆ.

ಅಬ್ಬಬ್ಬಾ! ಪರದೆ ಬಡಬಡ ಬಡಬಡ ಎಂದು ಸಾಲುಗಳನ್ನು ಸುರಿಸತೊಡಗಿತು. ಹಿಟ್ಟಿನ ಗಿರಣಿಯಲ್ಲಿ ರಾಗಿ ಬಿದ್ದ ಹಾಗೆ! ನಾನು ಹೆದರಿ ಕೈ ಎರಡನ್ನೂ ಮೇಲೆತ್ತಿದೆ. ವೇಣು ಬಗ್ಗಿ ನೋಡಿದ, ಬಾಯಿ ತೆರೆದುಕೊಂಡಿತು.

"ಪ್ರೇಮಾ, ಬಾರೇ ಇಲ್ಲಿ! ಓಡ್ತಿದೆ ಕಣೇ! ಅಮ್ಮ ಓಡ್ಸಿಬಿಟ್ಳು!"

"ಐದು ದಿನ ಒಂದು ಚುಕ್ಕಿಗೆ ಬಡ್ಕೊಂಡ್ರಾ?" ಎಂದಳು ಅವಳು.

ಮುಂದಿನ ಸಾಲು ನಾಲ್ಕೇ ಅಕ್ಷರ. ಒತ್ತಿದರೆ ಪೆಟ್ಟಿಗೆ ಇಪ್ಪತ್ತು ನಿಮಿಷ ಬಡಬಡಿಸಿತು. ಅದರ ಮುಂದಿನ ಸಾಲಿಗೆ ಮೊದಲು ಗುಟ್ಟಿನ ಪದ ಕೇಳಿತು. ವೇಣು ಅದನ್ನು ಚೀಟಿಯಲ್ಲಿ ಬರೆದುಕೊಟ್ಟ. ಒತ್ತುತ್ತೇನೆ, ಪರದೆಯಲ್ಲಿ ಏನೂ ಮೂಡುವುದಿಲ್ಲ. ಒಂದು ಮರಿಯೂ ಇಲ್ಲ! "ಗುಟ್ಟಿನದು ಕಾಣಲ್ಲಮ್ಮ, ನಂಬ್ಕೊಂಡು ಒತ್ತು" ಎಂದ. ಬಾಯೊಳಗೇ ಮಂತ್ರ ಹೇಳುವ ಹಾಗೆ ಒಂದೊಂದೇ ಎಣಿಸಿ ಒತ್ತಿದೆ. ಒಪ್ಪಿಕೊಂಡಿತು! ಡ್ರೈವರು ಕೂತಿತು! ಪೆಟ್ಟಿಗೆ ಆರಿಸಿ ಹಾಕಿದೆವು. ಮೊದಲನೇ ಹಾಡನ್ನು ಒತ್ತಿದೆ.

ಮೌನ.

ವೇಣು ಟೆಲಿಫೋನಿನ ಕಡೆ ನಡೆದ.

"ಇನ್ನೊಂದು ಪುಟ ಇದೆ" ಎಂದೆ.

"ಅದು ಬರೀ ಚಿತ್ರ ಅಮ್ಮ."

"ನಂಗೆ ಬರೋದೇ ಚಿತ್ರ."

ಆ ಚಿತ್ರದಲ್ಲಿ ಸಾಲಾಗಿ ಕಂಬಗಳು, ಸೇರು ಪಾವುಗಳನ್ನು ನಿಲ್ಲಿಸಿದ ಹಾಗೆ. ಚಿತ್ರದ ಮೇಲಿದ್ದ ಒಂದು ಪದವನ್ನು ಇಳಿಸಿ ಒತ್ತಿದರೆ ನಮ್ಮ ಪರದೆಯಲ್ಲೂ ಅಂಥವೇ ಕಂಬಗಳು ಎದ್ದವು. ಪುಸ್ತಕವನ್ನೂ ಪರದೆಯನ್ನೂ ಅಕ್ಕಪಕ್ಕ ಇಟ್ಟು ನೋಡಿದೆ. ಚಿತ್ರದಲ್ಲಿ ಮೊದಲ ಎರಡು ಕಂಬದ ಬುಡದಲ್ಲಿ ಸೊನ್ನೆ ಸೊನ್ನೆ. ನಮ್ಮದರಲ್ಲಿ ಅಲ್ಲಿ ಬೇರೇನೋ ಎರಡು ಅಕ್ಷರ, ಕಂಬವೂ ಖಾಲಿ. ಅರ್ಧ ಊಹಿಸದೆ ಪೂರ್ತಿ ಸಾಲು ಓದುವ ಪ್ರೇಮಲತಾಳನ್ನು ಕರೆದು ಚಿತ್ರದ ಕೆಳಗಿನ ಸಣ್ಣಕ್ಷರ ಓದಿಸಿದೆ. ಅವಳು ಓದುತ್ತಾ ಓದುತ್ತಾ ಸೆರಗು ಬಾಯಿಗೆ ಒತ್ತಿಕೊಂಡಳು.

"ಅತ್ತೆ, ಈ ಲಿನಕ್ಸು ಹೊಸದಾಗಿ ಹಾಕ್ದಾಗ ಸೌಂಡು ಬಾಯಿ ಮುಚ್ಕೊಂಡೇ ಇರುತ್ತಂತೆ. ಬುಡದಲ್ಲಿ ಎಂ ಎಂ ಅಂತಿದ್ರೆ ಮುಚ್ಚಿದೆ ಅಂತ. ಎಂ ಒತ್ತಿದ್ರೆ ಬಿಡುತ್ತಂತೆ, ಬಾಣ ಒತ್ತಿದ್ರೆ ಜೋರಾಗುತ್ತಂತೆ. ಅಷ್ಟೇ ಅಂತೆ!"

ಒತ್ತಿದೆ. ಎರಡು ಕಂಬಗಳೂ ಹಸಿರು, ಬಿಳಿ, ಕೆಂಪು ತುಂಬಿಕೊಂಡು ತುದಿ ಮುಟ್ಟಿದವು. ಹಾಡು ಒತ್ತಿದೆ.

ನನ್ನ ದನಿ! ಸಂಕ್ರಾಂತಿಯ ದನಿ! ಎಳನೀರಿನಂಥ ದನಿ ಸ್ಪೀಕರಿನಿಂದ ನುಗ್ಗಿ ಮನೆ ತುಂಬಿತು! ವೇಣು ನನ್ನನ್ನು ಕುರ್ಚಿ ಸಮೇತ ಎತ್ತಲು ನೋಡಿ ಸೊಂಟ ಹಿಡಿದುಕೊಂಡ. ರಮ್ಯಾ ಬಂದು ನನ್ನ ಕೆನ್ನೆ ಕಚ್ಚಿದಳು. ಎದುರುಮನೆಯವರು ಏನಾಯಿತೆಂದು ಓಡಿಬಂದರು. ಪ್ರೇಮಲತಾ ಮಾತ್ರ ಗಂಡನನ್ನು ನೋಡುತ್ತಾ ನಿಂತಿದ್ದಳು.

"ರೀ, ಒಂದು ಕೇಳ್ತೀನಿ. ಬಾಯಿ ಮುಚ್ಚಿತ್ತು ಅಷ್ಟೇ ಆದ್ರೆ, ಡ್ರೈವರು ಮೊದಲಿಂದಲೇ ಇತ್ತೇನೋ?"

ವೇಣು ಮೌಸಿನ ಧೂಳು ಒರೆಸತೊಡಗಿದ.

ಅದು ಬುಧವಾರ. ಗುರುವಾರ ಬೆಳಿಗ್ಗೆ ಶಾಸ್ತ್ರ. ಮನೆ ಮುಂದೆ ಚಪ್ಪರ ಎದ್ದಿತು, ಹಸೆ ಬರೆದಾಯಿತು. ಸ್ಪೀಕರುಗಳನ್ನು ಉದ್ದನೆಯ ವೈರಿನಲ್ಲಿ ಕಿಟಕಿಯಿಂದ ಆಚೆ ಬಿಟ್ಟು, ವೇಣು ಚಪ್ಪರದ ಕಂಬಕ್ಕೆ ಕಟ್ಟಿದ. ಪಕ್ಕದಲ್ಲಿ ಬಾಡಿಗೆಗೆ ತಂದ ದೊಡ್ಡ ಸ್ಪೀಕರು ಪೆಟ್ಟಿಗೆಯೊಂದನ್ನೂ ಸೇರಿಸಿದ. ಕಂಪ್ಯೂಟರು ನಾನು ಕೂರುವ ಒಳಕೋಣೆಯಲ್ಲೇ ಇತ್ತು. ನನ್ನ ಕೆಲಸ ಒಂದೇ. ವೇಣು ಕಿಟಕಿ ತಟ್ಟಿದಾಗ ದೊಡ್ಡ ಕೀಲಿ ಒತ್ತುವುದು.

"ಅಮ್ಮ, ಬೇರೆ ಏನೂ ಮುಟ್ಬೇಡ."

"ನಂಗೆ ಹೇಳಿಕೊಡ್ತೀಯಾ?" ಎಂದೆ. (ಆ ಹೊತ್ತಿಗೆ ನನಗೆ ಸ್ವಲ್ಪ ಕೊಂಬು ಮೂಡಿತ್ತು. ನಮ್ಮ ಐದನೇ ಮೇನ್ ರಸ್ತೆಯ ಹೆಂಗಸರೆಲ್ಲ ನನ್ನನ್ನು ನೋಡಿ, 'ಕಂಪ್ಯೂಟರ್ ಅಜ್ಜಿ' ಎನ್ನತೊಡಗಿದ್ದರು.)

ಕಲ್ಯಾಣಮ್ಮನವರು ಇಪ್ಪತ್ತೆರಡು ಹೆಂಗಸರನ್ನು ಕರೆದುಕೊಂಡು ತಟ್ಟೆಗಳ ಸಮೇತ ಇಳಿದರು. ಜೊತೆಗೆ ಆ ಆರ್ಕೆಸ್ಟ್ರಾ ಹುಡುಗಿಯೂ ಕೀಬೋರ್ಡನ್ನು ಬಟ್ಟೆಯಲ್ಲಿ ಸುತ್ತಿ ತಂದಿದ್ದಳು. "ಇರ್ಲಿ ಅಂತ ಕರ್ಕೊಂಡ್ ಬಂದೆ. ಮಿಷನ್ನು, ಯಾವಾಗ ಕೈ ಕೊಡುತ್ತೋ ಹೇಳಕ್ಕಾಗಲ್ಲ" ಎಂದು ಅವರು ಹೇಳಿದ್ದು ಕಿಟಕಿಯಿಂದ ನನಗೆ ಕೇಳಿಸಿತು. ಕೈ ಕೊಡುತ್ತದೆಯೇ! ನೋಡುತ್ತಿರಿ ಎಂದು ಪರದೆಯ ಮುಂದೆ ಕೂತೆ.

ಕಂಬಗಳ ಚಿತ್ರ ಇನ್ನೂ ತೆರೆದೇ ಇತ್ತು. ಹಿಂದಿನ ದಿನ ಸಂಭ್ರಮದಲ್ಲಿ ನಾನು ಸರಿಯಾಗಿ ನೋಡಿರಲಿಲ್ಲ. ಸಾಲಾಗಿ ಎಂಟು ಕಂಬಗಳು. ಮೊದಲ ಎರಡು ಮಾತ್ರ ತುಂಬಿ ತುಳುಕುತ್ತಿವೆ, ಉಳಿದ ಆರೂ ಖಾಲಿ ನಿಂತಿವೆ. ಪುಸ್ತಕದಲ್ಲಿ ಹಾಗೇ ಇತ್ತು, ನಿಜ. ಆದರೆ ಶುಭಕಾರ್ಯದ ದಿನ, ಪಂಕ್ತಿಯಲ್ಲಿ ಎಂಟು ಎಲೆ ಹಾಕಿ ಇಬ್ಬರಿಗೆ ಕಂಠಮಟ್ಟ ಬಡಿಸಿ ಆರು ಜನರನ್ನು ಬಾಯಿ ಮುಚ್ಚಿ ಕೂರಿಸುವುದು ಯಾವ ಮನೆಯ ಮರ್ಯಾದೆ? ನನ್ನ ಕೈಯಿಂದ ಈವರೆಗೆ ಪಂಕ್ತಿಭೇದ ಆಗಿಲ್ಲ. ಬಾಣ ಒತ್ತಿ ಒಂದೊಂದೇ ಕಂಬದ ಹತ್ತಿರ ಹೋಗಿ, ಎಂ ಒತ್ತಿ ಬಾಯಿ ಬಿಡಿಸಿ, ತುದಿಯವರೆಗೆ ತುಂಬಿಸಿದೆ. ಎಂಟಕ್ಕೆ ಎಂಟೂ! ಎಷ್ಟು ಲಕ್ಷಣವಾಗಿ ಕಂಡಿತೆಂದರೆ ದೃಷ್ಟಿ ತೆಗೆಯಬೇಕೆನಿಸಿತು.

ಆ ಆರು ಕಂಬಗಳಲ್ಲಿ ಒಂದು ಮೈಕಿನದು. ಸಂಕ್ರಾಂತಿಯಲ್ಲಿ ರಮ್ಯಾ ಸಿಕ್ಕಿಸಿದ ಮೈಕು ಪ್ಲಗ್ಗಿನಲ್ಲೇ ಇತ್ತು, ಪರದೆಯ ಪಕ್ಕದ ಮೊಳೆಗೆ ನೇತಾಡುತ್ತಿತ್ತು. ಆ ಕಂಬ ತುಂಬಿದರೆ ಮೈಕಿಗೆ ಬಿದ್ದ ಮಾತೆಲ್ಲ ನೇರವಾಗಿ ಸ್ಪೀಕರಿಗೆ ಹೋಗುತ್ತದೆ. ಇದೆಲ್ಲ ನನಗೆ ಆಮೇಲೆ ತಿಳಿದದ್ದು.

ಆ ಮೊಳೆಯ ಮೇಲೇ ನಮ್ಮ ಯಜಮಾನರ ಫೋಟೋ ಇದೆ. (ಅವರ ಹೆಸರು ಬಾಯಲ್ಲಿ ಹೇಳಿದವಳಲ್ಲ, ಬರೆಯುವುದೂ ಇಲ್ಲ.) ಹೇಳಿಕೊಳ್ಳುವಂಥದು ಏನಿದ್ದರೂ ಅವರಿಗೇ ಹೇಳುವುದು. ಕೋಣೆಯಲ್ಲಿ ಯಾರೂ ಇಲ್ಲ. ಎದ್ದು ನಿಂತು ಫೋಟೋದ ಹತ್ತಿರಕ್ಕೆ ಬಾಯಿ ಕೊಂಡುಹೋದೆ.

"ರೀ, ನೋಡಿದ್ರಾ?" ಎಂದೆ. "ಪಿಯುಸಿ ಓದಿರೋ ನಿಮ್ ಮಗನ ಕೈಲಿ ಆಗ್ಲಿಲ್ಲ. ಮೂರನೇ ಕ್ಲಾಸಿನ ನಿಮ್ ಹೆಂಡತಿ ಕಂಪ್ಯೂಟರಿನ ಬಾಯಿ ಬಿಡಿಸಿದ್ಳು."

ಹೊರಗೆ ಗಜಿಬಿಜಿ ನಿಂತಿತು. ಸಂಕಲ್ಪ ಶುರುವಾಯಿತೇನೋ ಅಂದುಕೊಂಡೆ. ನನ್ನ ಮಾತು ನನಗೇ ಎರಡೆರಡು ಸಲ ಕೇಳಿಸಿತು, ಗಂಟಲಿನ ಜೊತೆ ಕಿವಿಯೂ ಕಟ್ಟಿತೆಂದು ಬಿಟ್ಟುಬಿಟ್ಟೆ.

"ನಿಮ್ಮತ್ರ ಸುಳ್ಳು ಹೇಳಲ್ಲ. ಗಂಟಲು ಕಟ್ಟಿದ್ದು ಪ್ರೇಮನ ಒಗ್ಗರಣೆಯಿಂದ ಅಲ್ಲ ಕಣ್ರೀ. ಪಾಪ, ಆ ಹುಡುಗಿ ಮೇಲೆ ಹಾಕ್ಬಿಟ್ಟೆ. ಹನ್ನೊಂದು ದಿನ ದೇವಸ್ಥಾನದಲ್ಲಿ ಪ್ರದಕ್ಷಿಣೆ ಹರಕೆ ಅಂತ ಹೇಳಿ, ವಿಶ್ವೇಶ್ವರಪುರದ ತಿಂಡಿ ಬೀದಿಗೆ ಹೋಗಿ ಬೆಣ್ಣೆ ಗುಲ್ಕನ್ನು ಐಸ್‌ಕ್ರೀಮು ತಿಂದೆ. ದಿನಕ್ಕೊಂದು. ಹನ್ನೊಂದನೇ ದಿನ ಎರಡು."

ಹೊರಗೆ ಗೊಳ್ಳೆಂದು ನಗು. ಫೋಟೋ ತೆಗೆಯುವವನು ಏನೋ ತಮಾಷೆ ಮಾಡಿರಬೇಕು.

"ಹುಡುಗ ಗೋಕುಲ್ ಬಂಗಾರದಂಥೋನು. ಕಿವಿ ಮಾತ್ರ ಕೊಂಚ ಜಾಸ್ತಿ ಆಯ್ತು, ಇರ್ಲಿ, ಹೆಂಡ್ತಿ ಮಾತು ಚೆನ್ನಾಗಿ ಕೇಳ್ಸುತ್ತೆ. ಬೀಗಿತಿ ಕಲ್ಯಾಣಮ್ಮನೂ ಒಳ್ಳೇವ್ರೇ. ಆದ್ರೆ ಅವ್ರ ಮನೆ ಕಜ್ಜಾಯ ಇದೆ ನೋಡಿ, ರೀ, ಅದು ಕಜ್ಜಾಯ ಅಲ್ಲ, ಅಡಿಪಾಯದ ಕಲ್ಲು. ಮಾತುಕತೆ ದಿನ ಅವ್ರ ಮನೇಲಿ ಕಚ್ಚಿದೆ, ಹಲ್ಲು ಸೆಟ್ಟು ಅದ್ರಲ್ಲೇ ಕೂತ್ಬಿಡ್ತು. ಸೆಟ್ಟು ಕಿತ್ಕೊಂಡು, ಕಜ್ಜಾಯಾನ ಯಾರಿಗೂ ಕಾಣದ ಹಾಗೆ ಅವ್ರ ತುಳಸಿಕಟ್ಟೆಯಲ್ಲಿ ಹೂತು ಬಂದೆ. ತಾಯಿ ತುಳಸಿ ಕ್ಷಮಿಸ್ಲಿ."

ಈ ಸಲದ ನಗು ಚಪ್ಪರ ಹಾರಿಹೋಗುವಷ್ಟು. ನನಗೂ ಖುಷಿಯಾಯಿತು. ಮದುವೆ ಮನೆ ಎಂದರೆ ಹೀಗಿರಬೇಕು.

"ನೀವಿದ್ದಿದ್ರೆ..." ಎಂದೆ. ಫೋಟೋದ ಗಾಜನ್ನು ಸೆರಗಿನಿಂದ ಒರೆಸಿದೆ. "ನೀವಿದ್ದಿದ್ರೆ ನಾನೂ ಹೊರಗೆ ಕೂತು ಮಗೂಗೆ ಹೂ ಮುಡಿಸೋದು ನೋಡ್ತಿದ್ದೆ. ಇರ್ಲಿ ಬಿಡಿ. ಹಾಡಾದ್ರೂ ಹೋಗುತ್ತಲ್ಲ."

ಹೊರಗೆ ಒಮ್ಮೆಲೇ ಸದ್ದಡಗಿತು. ಆಗ ಪ್ರೇಮಲತಾ ಒಳಗೆ ಓಡಿಬಂದಳು, ಕಣ್ಣು ತುಂಬಿತ್ತು, ಮುಖ ನಗುತ್ತಿತ್ತು, ಯಾವುದನ್ನು ನಂಬಬೇಕೋ ತಿಳಿಯಲಿಲ್ಲ.

"ಅತ್ತೆ! ಮೈಕು! ಮೈಕು!" ಎಂದಳು. ಚಪ್ಪರದಿಂದ ಅವಳದೇ ದನಿ, ಹತ್ತು ಪಟ್ಟು ಜೋರಾಗಿ, "ಮೈಕು! ಮೈಕು!" ಎಂದಿತು.

ನನಗೆ ಆಗ ಅರ್ಥವಾಯಿತು. ಎಂಟು ಕಂಬಗಳೂ ನನ್ನನ್ನು ನೋಡುತ್ತಿದ್ದವು. ಪ್ರೇಮಲತಾ ಮೈಕನ್ನು ಕಿತ್ತು ಸೊಂಟಕ್ಕೆ ಸಿಕ್ಕಿಸಿಕೊಂಡು, "ಒಂದು ತಿಂಗಳಿಂದ ಒಗ್ಗರಣೆ ಇಲ್ಲದ ಸಾರು ತಿಂದ್ವಲ್ಲ ಅತ್ತೆ! ಹನ್ನೊಂದು ದಿನ ನಿಮ್ಮ ಹರಕೆಗೆ ಅಂತ ನಾನು ಹೂ ಬೇರೆ ಕಟ್ಟಿ ಕಳ್ಸಿದೀನಿ!" ಎಂದಳು.

"ಹೂವು ದೇವ್ರಿಗೇ ಕೊಟ್ಟೆ ಕಣೇ" ಎಂದೆ. "ಹೋಗೋ ದಾರಿಯಲ್ಲೇ ಗುಡಿ."

ಅಷ್ಟರಲ್ಲಿ ಬಾಗಿಲಲ್ಲಿ ಕಲ್ಯಾಣಮ್ಮನವರು. ಅಗಲವಾದ ಅಂಚಿನ ಸೀರೆ, ಸೊಂಟದ ಮೇಲೆ ಕೈ. ನಾನು ಗೋಡೆಗೆ ಅಂಟಿದೆ. ಈ ಸಂಬಂಧ ಮುರಿದರೆ ರಮ್ಯಾಳ ಮುಖ ಹೇಗೆ ನೋಡಲಿ?

"ತುಳಸಿ ಯಾಕೆ ವಾಲ್ತು ಅಂತ ಎರಡು ತಿಂಗಳಿಂದ ಯೋಚ್ನೆ ಮಾಡ್ತಿದ್ದೆ" ಎಂದರು.

ನಾನು ಕೈ ಮುಗಿದೆ. ಅವರು ಆ ಕೈಯನ್ನೇ ಹಿಡಿದುಕೊಂಡರು. "ಬನ್ನಿ ಅಮ್ಮ ಹೊರಗೆ."

"ನಾನು ಬರೋ ಹಾಗಿಲ್ಲಮ್ಮ. ಶಾಸ್ತ್ರದ ಹೊತ್ತು. ಎದುರಿಗೆ ಕೂರೋಳಲ್ಲ."

"ಬಂದಾಯ್ತಲ್ಲ! ನಿಮ್ಮ ದನಿ ಬಂದು ಕೂತು ಕಾಲು ಗಂಟೆ ಆಯ್ತು. ಬಾಕಿ ಇರೋದು ಮೈ ಒಂದು, ಅದೂ ಬರ್ಲಿ. ನಿಮ್ಮನ್ನ ಮತ್ತೆ ಈ ಕೋಣೇಲಿ ಬಿಟ್ರೆ ನಮ್ಮ ಮನೆ ಮಾನ ಉಳಿಯಲ್ಲ. ನಡೀರಿ!"

ಎಳೆದುಕೊಂಡೇ ಹೋದರು. ಹನ್ನೆರಡು ವರ್ಷದ ರೂಢಿ ಹೊಸಿಲು ದಾಟುವಾಗ ಒಂದು ಮಾತೂ ಆಡಲಿಲ್ಲ. ಇಪ್ಪತ್ತೆರಡು ಹೆಂಗಸರು ಸರಿದು, ಹಸೆಯ ಎದುರಿಗೇ, ರಮ್ಯಾಳ ಮುಂದೆಯೇ ಜಾಗ ಮಾಡಿಕೊಟ್ಟರು. ರಮ್ಯಾ ನನ್ನನ್ನು ನೋಡಿ ನಗಲೋ ಅಳಲೋ ತಿಳಿಯದೆ ಎರಡನ್ನೂ ಮಾಡಿದಳು. ಆರ್ಕೆಸ್ಟ್ರಾ ಹುಡುಗಿ ಕೀಬೋರ್ಡಿನ ಬಟ್ಟೆಯಿಂದಲೇ ಕಣ್ಣೊರೆಸಿಕೊಳ್ಳುತ್ತಿದ್ದಳು. ವೇಣು ಒಳಗೆ ಓಡಿಹೋಗಿ ಕಂಬಗಳನ್ನು ಇಳಿಸಿ ದೊಡ್ಡ ಕೀಲಿ ಒತ್ತಿದ.

ಮೊದಲನೇ ಹಾಡು ಎದ್ದಿತು. ಎಳನೀರಿನಂಥ ದನಿ ಚಪ್ಪರವನ್ನೆಲ್ಲ ತುಂಬಿ, ಬೀದಿಗೆ ಇಳಿಯಿತು. ಕಲ್ಯಾಣಮ್ಮನವರು ಮಲ್ಲಿಗೆಯ ದಂಡೆಯನ್ನು ರಮ್ಯಾಳ ಜಡೆಗೆ ಮುಡಿಸಿದರು. ಆಮೇಲೆ ತಾವು ತಂದ ತಟ್ಟೆಯನ್ನು ತೆಗೆದು, ಬಟ್ಟೆ ಸರಿಸಿ, ಕಂದು ಬಣ್ಣದ ದುಂಡನೆಯ ಕಜ್ಜಾಯವೊಂದನ್ನು ನನ್ನ ಅಂಗೈ ಮೇಲೆ ಇಟ್ಟರು.

"ತಿನ್ನಿ ಅಮ್ಮ" ಎಂದರು ತುಂಬಾ ಪ್ರೀತಿಯಿಂದ. "ಇಲ್ಲಿ ತುಳಸಿಕಟ್ಟೆ ದೂರ ಇದೆ."

ಎಲ್ಲರೂ ನೋಡುತ್ತಿದ್ದರು. ಕಚ್ಚಿದೆ.

ಎರಡನೇ ಹಾಡಾಯಿತು, ಮೂರನೆಯದಾಯಿತು. ಐದನೇ ಹಾಡಿನ ಹೊತ್ತಿಗೆ ಹೆಂಗಸರೆಲ್ಲ ನನ್ನ ಕಡೆ ತಿರುಗಿ, "ಅಮ್ಮ, ಎದುರಿಗೇ ಇದೀರಲ್ಲ, ನೀವೂ ಒಂದು ನುಡಿ ದನಿ ಸೇರ್ಸಿ, ಗಂಟಲು ಹೇಗಿದ್ರೂ ಪರ್ವಾಗಿಲ್ಲ" ಎಂದು ಹಟ ಹಿಡಿದರು. ಹನ್ನೆರಡು ವರ್ಷದಲ್ಲಿ ಮೊದಲ ಸಲ ನನ್ನನ್ನು ಎದುರಿಗೆ ಕೂರಿಸಿ ಹಾಡು ಎಂದವರು! ಹಾಡಬೇಕೆಂದು ಎಷ್ಟು ಆಸೆಯಾಯಿತು!

ನಾನು ತಲೆ ಅಲ್ಲಾಡಿಸಿದೆ, ಕೈ ಅಲ್ಲಾಡಿಸಿದೆ. ಪೆಟ್ಟಿಗೆ ಬಾಯಿ ತುಂಬಾ ಹಾಡುತ್ತಿತ್ತು. ನನ್ನ ಹಲ್ಲು ಸೆಟ್ಟು, ಮೇಲಿನದೂ ಕೆಳಗಿನದೂ, ಕಜ್ಜಾಯದ ಒಳಗೆ ಭದ್ರವಾಗಿ ಕೂತುಬಿಟ್ಟಿತ್ತು.